ತಂಗಳುಂಡವನ ಗಂಧೆ

ಹೊಳೆದಂಡೆಯ ಆಶ್ರಮದಲ್ಲಿ ಗವಿಯಪ್ಪನಿಗೆ ನಾಳೆ ದೀಕ್ಷೆ. ಇವತ್ತು ಬೆಳಿಗ್ಗೆ ಅವನು ಗಂಟು ಕಟ್ಟಿಕೊಂಡು ಗುರುಗಳ ಮುಂದೆ ಬಂದು ನಿಂತ.

“ನಾನು ಹೊರಟೆ ಬುದ್ಧಿ. ನನಗೆ ದೀಕ್ಷೆ ಬೇಡ.”

“ಏನಾಯ್ತೋ?”

ಅವನು ಅಂಗಿ ಎತ್ತಿದ. ಹೊಟ್ಟೆ, ಬೆನ್ನು, ತೋಳು, ಎಲ್ಲ ಕಡೆ ಪಿತ್ತದ ಗಂಧೆಗಳು ಕೆಂಪಗೆ ಎದ್ದಿದ್ದವು.

“ಒಂದು ವಾರದಿಂದ ಹೀಗೆ. ಯಾವುದೋ ಪಾಪ ಒಳಗೆ ಕೂತು ವಿಷ ಕಕ್ಕುತ್ತಿದೆ. ಇಂಥ ಮೈ ದೀಕ್ಷೆಗೆ ಲಾಯಕ್ಕಲ್ಲ.”

ಬೇರೆಯವರಾಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು. ಗುರುಗಳ ಕಣ್ಣು ಅರಳಿದವು. ಸನ್ಯಾಸಕ್ಕೆ ಮೊದಲು ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ಕಾವಿ ಉಟ್ಟರೂ ಆ ಹುಚ್ಚು ಬಿಟ್ಟಿರಲಿಲ್ಲ.

“ಉಸಿರು ಕಟ್ಟುತ್ತದಾ? ತುಟಿ, ನಾಲಿಗೆ ಊದಿವೆಯಾ?”

“ಇಲ್ಲ ಬುದ್ಧಿ.”

“ಹಾಗಿದ್ದರೆ ಕೂತುಕೋ. ನಿನ್ನ ಮೈಯಲ್ಲಿ ಎಂಥ ಚೆಂದದ ಕೆಲಸ ನಡೀತಿದೆ ಗೊತ್ತಾ? ಅದು ವಿಷ ಅಲ್ಲವೋ, ಹಿಸ್ಟಮಿನ್. ಮೈ ತಾನೇ ಮಾಡಿಕೊಳ್ಳುವಂಥದ್ದು.”

“ನನ್ನ ಮೈಯಾ?”

“ನಿನ್ನದೇ. ಬೇಳೆ ಉಣ್ಣುತ್ತೀಯ, ಹಾಲು ಕುಡಿಯುತ್ತೀಯ. ಅದರಲ್ಲಿರುವ ಒಂದು ಅಂಶದಿಂದ ಚೂರು ಕಿತ್ತು ಮೈ ಹಿಸ್ಟಮಿನ್ ಮಾಡುತ್ತದೆ, ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿಡುತ್ತದೆ. ಇರುವೆ ಕಚ್ಚಿತೋ, ಚೀಲ ಬಿಚ್ಚಿಕೊಳ್ಳುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಕಾವಲಿನ ಕಣಗಳು ಓಡಿ ಬರುತ್ತವೆ. ಊತ, ತುರಿಕೆ ಎಲ್ಲ ಅದರ ಗಡಿಬಿಡಿ. ಉಂಡದ್ದು ಅರಗುವುದಕ್ಕೂ ಅದು ಬೇಕು, ನೀನು ಎಚ್ಚರವಾಗಿರುವುದಕ್ಕೂ ಬೇಕು.”

ಗವಿಯಪ್ಪ ತುರಿಸಿಕೊಳ್ಳುವುದನ್ನು ಮರೆತ. ಗಂಟು ಕೆಳಗಿಟ್ಟ.

“ಮತ್ತೆ ಈಗ ಇಷ್ಟೊಂದು ಯಾಕೆ?”

ಗುರುಗಳು ಅವನ ಕೈ ಹಿಡಿದು ದರದರ ಗುಡಿಗೆ ಎಳೆದುಕೊಂಡು ಹೋದರು. ನಿನ್ನೆ ಹಬ್ಬ ಮುಗಿದಿತ್ತು. ಬಾಡಿದ ಹೂವಿನ ರಾಶಿ ಹೊಸ್ತಿಲು ದಾಟಿ ಬಂದಿತ್ತು. ಗುಡಿ ಗುಡಿಸುವ ಸಿದ್ದವ್ವ ಒಬ್ಬಳೇ ಅದನ್ನು ಬುಟ್ಟಿಗೆ ತುಂಬುತ್ತಿದ್ದಳು.

“ದಿನಾ ಇಷ್ಟು ಹೊತ್ತು ಹಿಡಿಯುತ್ತಾ ಸಿದ್ದವ್ವ?”

“ದಿನಾ ಒಂದು ಬುಟ್ಟಿ ಬುದ್ಧಿ, ಆಡ್ತಾ ಆಡ್ತಾ ಮುಗಿಸ್ತೀನಿ. ನಿನ್ನೆ ಊರೋರೆಲ್ಲ ತಂದು ಸುರಿದವ್ರೆ. ನಂಗಿರೋದು ಎರಡೇ ಕೈ.”

ಗುರುಗಳು ಶಿಷ್ಯನ ಕಡೆ ತಿರುಗಿದರು. “ನಿನ್ನ ಕರುಳಲ್ಲೂ ಒಬ್ಬಳು ಸಿದ್ದವ್ವ ಇದ್ದಾಳೆ. ಬಂದ ಹಿಸ್ಟಮಿನ್ನನ್ನು ಒಡೆದು ಹಾಕುವ ಕಿಣ್ವ. ಅವಳ ಮೇಲೆ ಹೊರಗಿನಿಂದ ತಂದು ಸುರಿದವರು ಯಾರು? ವಾರದಿಂದ ಏನು ಉಂಡೆ?”

“ತಂಗಳು ಬುದ್ಧಿ. ದೀಕ್ಷೆಯವರೆಗೆ ಬಿಸಿ ಅನ್ನ ಮುಟ್ಟುವುದಿಲ್ಲ ಅಂತ ಪಂಕ್ತಿಯಲ್ಲಿ ಎಲ್ಲರ ಮುಂದೆ ವ್ರತ ತೊಟ್ಟೆ. ಹಳಸಿದ ಸಾರು, ನಾಲ್ಕು ದಿನದ ಹುಳಿಮಜ್ಜಿಗೆ...”

“ಅದೇ ಇರಬೇಕು. ಹಳಸಿದ್ದರಲ್ಲಿ, ಹುಳಿ ಬಂದದ್ದರಲ್ಲಿ ಸೂಕ್ಷ್ಮಜೀವಿಗಳು ಮೊದಲೇ ಹಿಸ್ಟಮಿನ್ ಮಾಡಿಟ್ಟಿರುತ್ತವೆ. ಕುದಿಸಿದರೂ ಹೋಗುವುದಿಲ್ಲ.”

ಗವಿಯಪ್ಪ ನಕ್ಕೇಬಿಟ್ಟ. ಪಾಪ ಅಲ್ಲ, ಮಜ್ಜಿಗೆ. ಅವನಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

“ಇವತ್ತಿನಿಂದಲೇ ಬಿಸಿ ಅನ್ನ ಉಣ್ಣುತ್ತೇನೆ ಬುದ್ಧಿ. ಅಡುಗೆಮನೆ ಹಿಂದೆ, ಯಾರಿಗೂ ಕಾಣದ ಹಾಗೆ. ಜನ ನನ್ನನ್ನು ತಂಗಳಯ್ಯ ಅಂತ ಕರೆದು ಕಾಲು ಮುಟ್ಟುತ್ತಿದ್ದಾರೆ. ವ್ರತ ಕೆಡಿಸಿದ ಅಂತ ಆಡಿಕೊಳ್ಳಬಾರದು ನೋಡಿ. ನಾಳೆ ದೀಕ್ಷೆ ಕೊಡುತ್ತೀರಲ್ಲ?”

ಗುರುಗಳು ಸಿದ್ದವ್ವನ ಪಕ್ಕ ಕೂತು ಬಾಡಿದ ಹೂವನ್ನು ಬುಟ್ಟಿಗೆ ತುಂಬತೊಡಗಿದರು.

“ಪಂಕ್ತಿಯ ನಡುವೆ ಕೂತು, ಎಲ್ಲರೂ ನೋಡುವ ಹಾಗೆ ಬಿಸಿ ಅನ್ನ ಉಣ್ಣು. ಅದು ಅರಗಿದರೆ ದೀಕ್ಷೆಗೆ ಬಾ.”