ಕೌದಿಯ ನಡುವಿನ ತುಂಡು

ಪಡಸಾಲೆಯ ಹಳೆಯ ಮಂಚಕ್ಕೆ ಹಾಸಲು ಕಲ್ಲವ್ವ ಕೌದಿ ಹೊಲಿಯುವವಳಿದ್ದಳು. ಬಟ್ಟೆಯ ಚೂರುಗಳನ್ನೆಲ್ಲ ಗಂಟು ಕಟ್ಟಿಟ್ಟಿದ್ದಳು. ಹೊಲಿಯುವ ಮೊದಲು ಅವನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯುವುದು ಅವಳ ಪದ್ಧತಿ. ಒಗೆತದಲ್ಲಿ ಕೆಟ್ಟದ್ದು ಒಲೆಯ ಬಳಿ ಮಸಿಬಟ್ಟೆಯಾಗುತ್ತಿತ್ತು.

ಗಂಟಿನೊಳಗೆ ಹಳೆಯ ಧೋತರದ ತುಂಡು ನಡುಗುತ್ತಿತ್ತು.

“ಏನಜ್ಜಾ, ಚಳಿಯೇ?” ಎಂದು ಕೇಳಿತು ದರ್ಜಿಯ ಅಂಗಡಿಯಿಂದ ನಿನ್ನೆ ತಾನೇ ಬಂದಿದ್ದ ಕೆಂಪು ತುಂಡು.

“ಹಿಂಡಿದರೆ ಹರಿದುಹೋದೇನೆಂಬ ಭಯ. ನಿನಗಿಲ್ಲವೇ?”

“ನನಗೇಕೆ? ಹೊಸ ಬಟ್ಟೆ ನಾನು. ಕೌದಿಯ ನಡುವಿನ ಜಾಗ ನನ್ನದೇ. ನೀನು ಮಸಿಯ ವಾಸನೆ ರೂಢಿ ಮಾಡಿಕೊ.”

ಬಿಸಿನೀರು ಬಿತ್ತು. ಧೋತರ ಉಸಿರು ಬಿಗಿಹಿಡಿಯಿತು. ಕಲ್ಲವ್ವ ಅದನ್ನು ಹಿಂಡಿದಳು, ಕೊಡವಿದಳು, ಬಿಸಿಲಿಗೆ ಎತ್ತಿ ಹಿಡಿದು ತೂತು ಹುಡುಕಿದಳು. ತೂತಿರಲಿಲ್ಲ. ಆದರೆ ಮೈತುಂಬ ಕೆಂಪು ಕಲೆಗಳಿದ್ದವು. ಇನ್ನು ಒಲೆಯೇ ಗತಿ ಎಂದುಕೊಂಡಿತು ಧೋತರ.

“ಅತ್ತಿ, ಇದಕ್ಕ ಬಣ್ಣ ಹತ್ತೇತಿ ನೋಡ್ರಿ,” ಎಂದಳು ಸೊಸೆ ನೀಲವ್ವ.

“ಹತ್ತಲಿ ಬಿಡ. ಹೂವು ಚೆಲ್ಲಿದಂಗ ಕಾಣ್ತೈತಿ. ನಡುವ ಇದನ್ನ ಹಾಕೂಣು.”

ಮುದುಡಿ, ಬಣ್ಣಗೆಟ್ಟು ಬಿದ್ದಿದ್ದ ಕೆಂಪು ತುಂಡು, “ಆ ಬಣ್ಣ ನನ್ನದು!” ಎಂದು ಕೂಗಿತು.

“ನಿನ್ನದೇ. ಮೊದಲ ನೀರಿಗೇ ಕೊಟ್ಟುಬಿಟ್ಟೆ,” ಎಂದಿತು ಧೋತರ. “ನನ್ನಲ್ಲಿ ಕೊಡಲು ಏನೂ ಉಳಿದಿರಲಿಲ್ಲ.”

ನೀಲವ್ವ ಕೆಂಪು ತುಂಡನ್ನೆತ್ತಿಕೊಂಡು ಒಲೆಯ ಕಡೆ ನಡೆದಳು. ಧೋತರದ ನಡುಕ ಮಾತ್ರ ಇನ್ನೂ ನಿಂತಿರಲಿಲ್ಲ. ಕಲ್ಲವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು.