ಮುಚ್ಚಿದ ಛಾವಣಿಯೊಳಗೆ ನೀರು

ಹೊಳೆಯ ದಂಡೆಯ ಆಶ್ರಮಕ್ಕೆ ಒಂದು ಕಾರು ಬಂದಿತ್ತು. ಆಶ್ರಮ ಅದನ್ನು ಕೇಳಿರಲಿಲ್ಲ.

ಅಕ್ಕಿ ಗಿರಣಿಯ ಗುರುಮಲ್ಲಪ್ಪನವರು ಕೊಟ್ಟದ್ದು. ಗುಂಡಿ ಒತ್ತಿದರೆ ಬಟ್ಟೆಯ ಛಾವಣಿ ತಾನೇ ಹಿಂದಕ್ಕೆ ಮಡಚಿಕೊಳ್ಳುವ ಕಾರು. ಸನ್ಯಾಸಿಗೆ ಇಂಥದ್ದು ಯಾಕೆ ಎಂದು ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಿತ್ತು. ಗುರುಗಳು ಊರೂರಿಗೆ ಹೋದಾಗ ಜನ ಕಣ್ತುಂಬ ನೋಡಬೇಡವೆ, ಮೇಲೆ ನಾಲ್ಕು ಹೂವು ಹಾಕಬೇಡವೆ?

ಜನ ಹೂವು ಹಾಕಿದರು. ನಾಲ್ಕಲ್ಲ, ಬುಟ್ಟಿಗಟ್ಟಲೆ ಸುರಿದರು. ವಾಪಸು ಬರುವಾಗ ಗುರುಗಳು ಸೇವಂತಿಗೆಯ ರಾಶಿಯೊಳಗೆ ಕೂತಿರುತ್ತಿದ್ದರು.

ಆ ಕಾರನ್ನು ಓಡಿಸುತ್ತಿದ್ದವನು ಕೆಂಪರಾಜು. ಗುರುಗಳ ಸೇವೆಗೆ ನಿಂತಿದ್ದವನು ಶಿಷ್ಯ ಷಡಕ್ಷರಿ.

ರಾತ್ರಿಯೆಲ್ಲ ಮಳೆ ಹೊಯ್ದು ನಿಂತ ಒಂದು ಬೆಳಿಗ್ಗೆ ಷಡಕ್ಷರಿ ಕಾರಿನ ಬಾಗಿಲು ತೆಗೆದ. ಹಿಂದಿನ ಸೀಟು ನೀರು ಕುಡಿದು ಉಬ್ಬಿತ್ತು. ಕಾಲಿಡುವ ಕಡೆ ನೀರು ನಿಂತಿತ್ತು. ಸೀಟಿನ ಮೇಲೆ ಮಡಿಸಿಟ್ಟಿದ್ದ ಕರಿ ಕಂಬಳಿ ತೊಯ್ದು ನಾರುತ್ತಿತ್ತು. ಅದು ಗುರುಗಳ ಗುರುಗಳು ಹೊದ್ದಿದ್ದ ಕಂಬಳಿ.

ಷಡಕ್ಷರಿಯ ಮೈ ಉರಿದುಹೋಯಿತು.

ದಾಸೋಹದ ಮನೆಯಲ್ಲಿ ಪಂಕ್ತಿ ಕೂತಿತ್ತು. ಕೆಂಪರಾಜು ಎಲ್ಲರ ನಡುವೆ ಕೂತು ಉಪ್ಪಿಟ್ಟಿಗೆ ಕೈ ಹಾಕಿದ್ದ.

“ಏಳೋ ಮೇಲೆ,” ಎಂದ ಷಡಕ್ಷರಿ. “ಕಾರಿನ ಛಾವಣಿ ತೆರೆದಿಟ್ಟು ಮಲಗಿದ್ದೀಯಲ್ಲ, ಅನ್ನ ತಿನ್ನೋಕೆ ನಾಚಿಕೆ ಆಗಲ್ವಾ?”

“ಮುಚ್ಚಿದ್ದೆ ಸ್ವಾಮಿ.”

“ಮುಚ್ಚಿದ್ದರೆ ಒಳಗೆ ನೀರು ಹೇಗೆ ಬಂತು?”

“ಅದನ್ನೇ ನಾನು ಆವತ್ತೇ ನಿಮಗೆ...”

“ಬಾಯಿ ಮುಚ್ಚು. ಮಧ್ಯಾಹ್ನದ ಬಸ್ಸಿಗೆ ಗಂಟು ಕಟ್ಟು.”

ಕೆಂಪರಾಜು ಎಲೆ ಬಿಟ್ಟು ಎದ್ದ. ಉಣ್ಣುವವನನ್ನು ಅರ್ಧಕ್ಕೆ ಎಬ್ಬಿಸುವುದು ಆ ಕಡೆ ಹೊಡೆಯುವುದಕ್ಕಿಂತ ದೊಡ್ಡ ಅವಮಾನ. ಪಂಕ್ತಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಆಶ್ರಮದವರ ಮೌನಕ್ಕೆ ಯಾವತ್ತೂ ಒಳ್ಳೆಯ ಹೆಸರಿದೆ ನೋಡಿ.

ಗುರುಗಳು ಅಲ್ಲಿರಲಿಲ್ಲ. ಅವರು ಹೊಳೆಯ ಮೆಟ್ಟಿಲ ಮೇಲೆ, ಗಾಳ ಹಾಕುವವರು ಬಿಟ್ಟುಹೋದ ನೈಲಾನ್ ದಾರಗಳನ್ನು ಆಯುತ್ತಿದ್ದರು. ಸ್ನಾನಕ್ಕೆ ಬರುವವರ ಕಾಲಿಗೆ ಸುತ್ತಿಕೊಳ್ಳುತ್ತವೆ ಎಂದು ದಿನವೂ ಮಾಡುತ್ತಿದ್ದ ಕೆಲಸ ಅದು.

“ಗುರುಗಳೇ, ಕೆಂಪರಾಜನ್ನ ಕೆಲಸದಿಂದ ತೆಗೆದೆ.”

“ಯಾಕೆ?”

“ಕಾರೊಳಗೆ ಮಳೆನೀರು. ದೊಡ್ಡ ಗುರುಗಳ ಕಂಬಳಿ ಹಾಳಾಗಿಹೋಯಿತು.”

“ಕುರಿಯ ಉಣ್ಣೆ ಅದು. ಮಳೆ ಅದಕ್ಕೆ ಹೊಸದಲ್ಲ, ಒಣಗುತ್ತೆ. ಮಳೆ ಸುರಿಸಿದ್ದು ಯಾರು?”

“ಇದೇನು ಪ್ರಶ್ನೆ ಗುರುಗಳೇ? ಆಕಾಶ.”

“ಹಾಗಾದರೆ ಮೊದಲು ಆಕಾಶವನ್ನ ಕೆಲಸದಿಂದ ತೆಗಿ. ಆಮೇಲೆ ಕೆಂಪರಾಜನ್ನ ನೋಡೋಣ.”

ಷಡಕ್ಷರಿಗೆ ನಗು ಬರಲಿಲ್ಲ. “ತಾವು ಹೀಗೆ ತಮಾಷೆ ಮಾಡೋದರಿಂದಲೇ ಎಲ್ಲರೂ ತಲೆ ಮೇಲೆ ಕೂತಿರೋದು.”

ಗುರುಗಳು ಚೊಂಬಿನಲ್ಲಿ ಹೊಳೆಯ ನೀರು ತುಂಬಿಕೊಂಡು ಎದ್ದರು. “ನಡಿ, ಕಾರು ತೋರಿಸು.”

ಕಾರಿನ ಛಾವಣಿ ಮುಚ್ಚಿತ್ತು. ಗುರುಗಳು ಅದರ ಮೇಲೆ ನೀರು ಸುರಿದರು. ನೀರು ಬಟ್ಟೆಯ ಮೇಲೆ ಜಾರಿ, ಹಿಂದೆ ಛಾವಣಿಯ ಬುಡದಲ್ಲಿ ಮರೆಯಾಯಿತು.

“ಚಕ್ರದ ಹತ್ತಿರ ಬಗ್ಗಿ ನೋಡು. ನೆಲಕ್ಕೆ ನೀರು ಬಿತ್ತೆ?”

“ಇಲ್ಲ.”

“ಒಳಗೆ ನೋಡು.”

ಷಡಕ್ಷರಿ ಒಳಗೆ ತಲೆ ಹಾಕಿದ. ಹಿಂದಿನ ಸೀಟಿನ ಬೆನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಛಾವಣಿ ಮುಚ್ಚಿದೆ ತಾನೆ?”

“ಮುಚ್ಚಿದೆ.”

“ರಾತ್ರಿಯೂ ಮುಚ್ಚಿತ್ತು.”

ಷಡಕ್ಷರಿಯ ಮುಖ ಕೆಂಪಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಜಾಗ ಬದಲಿಸಿತು ಅಷ್ಟೆ. “ಸರಿ, ಮುಚ್ಚಿದ್ದ ಅಂತಲೇ ಇಟ್ಟುಕೊಳ್ಳೋಣ. ನೀರು ಹೋಗೋ ದಾರಿ ಕಟ್ಟಿಕೊಂಡಿದ್ದರೆ ಅದನ್ನ ಬಿಡಿಸಬೇಕಾದವನೂ ಅವನೇ ಅಲ್ಲವೆ? ಕಾರು ಯಾರ ಕೈಲಿದೆ?”

“ಅವನಿಗೆ ಕೋಲು ತೋರಿಸೋದಕ್ಕೆ ಮುಂಚೆ ನನಗೆ ಆ ನೀರಿನ ದಾರಿ ತೋರಿಸು. ಎಲ್ಲಿದೆ ಅದು?”

ಛಾವಣಿಯನ್ನು ಅರ್ಧ ಎತ್ತಿದರು. ಹಿಂದಿನ ಸೀಟಿನ ಬೆನ್ನಿಗೆ, ಛಾವಣಿ ಮಡಚಿ ಕೂರುವಲ್ಲಿ, ಸಣ್ಣ ಕಾಲುವೆಯಂಥ ಒಂದು ಸಂದು. ಅದರ ಎರಡು ಮೂಲೆಗಳಲ್ಲಿ ಒಂದೊಂದು ತೂತು. ಮೇಲೆ ಬಿದ್ದ ನೀರು ಸಂದಿಗೆ ಇಳಿದು, ತೂತಿನಿಂದ ರಬ್ಬರ್ ಪೈಪಿಗೆ ಹೋಗಿ, ಚಕ್ರದ ಪಕ್ಕ ನೆಲಕ್ಕೆ ಬೀಳಬೇಕು. ತೂತುಗಳು ಕಾಣಿಸುತ್ತಲೇ ಇರಲಿಲ್ಲ. ಅಲ್ಲಿ ಕರಿ ಕೆಸರು ಕೂತಿತ್ತು.

ಷಡಕ್ಷರಿ ಓಡಿಹೋಗಿ ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯ ತುಂಡು ತಂದ. ತೂತಿಗೆ ಇಟ್ಟು ಜೋರಾಗಿ ಒತ್ತಲು ಹೋದ.

ಗುರುಗಳು ಕೈ ಹಿಡಿದರು. “ಒಳಗೆ ಇರೋದು ರಬ್ಬರು. ನೀನು ಹೀಗೆ ಚುಚ್ಚಿದರೆ ಕಸ ಅಲ್ಲೇ ಇರುತ್ತೆ, ಪೈಪು ಹರಿದುಹೋಗುತ್ತೆ.”

ಅವರು ಹೊಳೆಯಲ್ಲಿ ಆಯ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ದಪ್ಪ ನೈಲಾನ್ ದಾರ ತೆಗೆದುಕೊಟ್ಟರು.

“ಮೀನು ಹಿಡಿಯೋ ದಾರ! ಆಶ್ರಮದ ಕಾರಿಗೆ?”

“ತೊಳೆದಿದ್ದೀನಿ. ಮೀನಿಗೆ ಮರೆತುಹೋಗಿದೆ, ನೀನೂ ಮರಿ.”

ಷಡಕ್ಷರಿ ಗೊಣಗುತ್ತ ದಾರ ಇಳಿಸಿದ. ಅದು ತಡೆಯಿತು. ಸ್ವಲ್ಪ ಹಿಂದಕ್ಕೆ ಎಳೆದು, ತಿರುವಿ, ಮತ್ತೆ ಇಳಿಸಿದ. ಗುರುಗಳು ಮೇಲಿಂದ ಒಂದೊಂದು ಬೊಗಸೆಯಷ್ಟೇ ನೀರು ಬಿಡುತ್ತಿದ್ದರು. ಬಿಸಿಲು ಏರಿತು. ಷಡಕ್ಷರಿಯ ಬೆನ್ನು ನೋಯತೊಡಗಿತು.

ಕಡೆಗೆ ಕಸ ದಾರಕ್ಕೆ ಸುತ್ತಿಕೊಂಡು ಬಂತು. ಕೊಳೆತ ಸೇವಂತಿಗೆಯ ಎಸಳು. ಹಾರದ ಬಾಳೆನಾರು. ಬಿಲ್ವದ ಎಲೆ, ಕನಕಾಂಬರದ ಮುದ್ದೆ. ಎಳೆದಷ್ಟೂ ಬಂತು. ಚಕ್ರದ ಪಕ್ಕ ಮೊದಲು ಹನಿಯಾಗಿ, ಆಮೇಲೆ ಧಾರೆಯಾಗಿ ನೀರು ಬಿತ್ತು.

ಷಡಕ್ಷರಿ ಅಂಗೈಯಲ್ಲಿದ್ದ ಮುದ್ದೆಯನ್ನು ನೋಡುತ್ತ ನಿಂತುಬಿಟ್ಟ.

ಊರಿಂದ ಬಂದಾಗಲೆಲ್ಲ ಗುರುಗಳ ಮಡಿಲಿನ ಹೂವನ್ನು ಎತ್ತಿಡುತ್ತಿದ್ದವನು ಅವನು. ಗುರುಗಳನ್ನು ಮುಟ್ಟಿದ ಹೂವು ನೆಲಕ್ಕೆ ಬೀಳಬಾರದು, ಯಾರೂ ತುಳಿಯಬಾರದು ಎಂದು ಕಾಲು ತಾಗದ ಆ ಸಂದನ್ನು ಹುಡುಕಿ, ಎಸಳು ಎಸಳಾಗಿ ಅದರೊಳಗೆ ಒತ್ತಿಡುತ್ತಿದ್ದವನು ಅವನು. ಒಮ್ಮೆ ಕೆಂಪರಾಜು ಪೊರಕೆ ಹಿಡಿದು ಬಂದು, ‘ಸ್ವಾಮಿ, ಅದು ನೀರು ಹೋಗೋ ಜಾಗ’ ಎಂದಿದ್ದ. ‘ಗುರುಗಳ ಹೂವಿಗೆ ಪೊರಕೆ ತಾಗಿಸ್ತೀಯೇನೋ, ಪಾಪಿ’ ಎಂದು ಬೈದು ಅಟ್ಟಿದ್ದವನೂ ಅವನೇ.

ತಪ್ಪು ತನ್ನದು ಎಂದು ಗೊತ್ತಾದ ಕೂಡಲೇ ಮನುಷ್ಯ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡುತ್ತಾನೆ. ಪಕ್ಕದಲ್ಲಿ ಗುರುಗಳಿದ್ದರು.

“ತಾವು ಅದೇ ಸೀಟಲ್ಲಿ ಕೂತಿರ್ತಿದ್ರಿ,” ಎಂದ ಷಡಕ್ಷರಿ. “ನಾನು ಹೂವು ಇಡೋದನ್ನ ಕಂಡಿರಲಿಲ್ಲವೆ?”

“ಕಂಡಿದ್ದೆ.”

“ಅವನನ್ನ ಬೈದದ್ದು ಕೇಳಿರಲಿಲ್ಲವೆ?”

“ಕೇಳಿದ್ದೆ.”

“ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ?”

ಗುರುಗಳು ಚೊಂಬನ್ನು ಕೆಳಗಿಟ್ಟರು. “ನನ್ನ ಮೇಲೆ ಬಿದ್ದ ಹೂವನ್ನ ಒಬ್ಬ ಅಷ್ಟು ಜೋಪಾನ ಮಾಡ್ತಾನಲ್ಲ ಅಂತ ನನಗೆ ಹಿತವಾಗಿತ್ತು.”

ಇಂಥ ಉತ್ತರಕ್ಕೆ ಷಡಕ್ಷರಿ ಸಿದ್ಧನಾಗಿರಲಿಲ್ಲ.

“ಬಸ್ಸು ಬರೋ ಹೊತ್ತಾಯ್ತು,” ಎಂದರು ಗುರುಗಳು.

ಕೆಂಪರಾಜು ಆಶ್ರಮದ ಗೇಟಿನ ಹೊರಗೆ ತನ್ನ ಟ್ರಂಕಿನ ಮೇಲೆ ಕೂತಿದ್ದ. ಷಡಕ್ಷರಿ ಗೇಟಿನ ಒಳಗೇ ನಿಂತು ಹೇಳಿದ. “ಗುರುಗಳ ಅಪ್ಪಣೆಯಾಗಿದೆ. ಒಳಗೆ ಬಾ.”

“ಬರಲ್ಲ ಸ್ವಾಮಿ.”

“ಅಪ್ಪಣೆ ಅಂದೆನಲ್ಲ.”

“ಹೋಗು ಅಂದ್ರೆ ಹೋಗಬೇಕು, ಬಾ ಅಂದ್ರೆ ಬರಬೇಕು. ನಾನು ಹೇಳಿದ ಒಂದೇ ಒಂದು ಮಾತು ಯಾರಿಗೂ ಬೇಕಾಗಿರಲಿಲ್ಲ. ನಾನೇನು ನಿಮ್ಮ ಕಾರಿನ ಗುಂಡಿಯಾ, ಒತ್ತಿದ ಹಾಗೆ ಆಡೋಕೆ?”

ಷಡಕ್ಷರಿ ದುಡುದುಡು ವಾಪಸು ಬಂದ. “ನೋಡಿ ಗುರುಗಳೇ, ನಾನಾಗಿ ಕರೆದರೂ ಬರಲ್ವಂತೆ. ಎಷ್ಟು ಕೊಬ್ಬು.”

“ತಂತಿ ತಗೊಂಡು ಹೋಗಿದ್ದೆಯಾ, ದಾರ ತಗೊಂಡು ಹೋಗಿದ್ದೆಯಾ?”

ಷಡಕ್ಷರಿ ಮತ್ತೆ ಗೇಟಿಗೆ ಹೋದ. ಈ ಸಲ ಹೊರಗೆ ಬಂದು ಟ್ರಂಕಿನ ಪಕ್ಕ ನೆಲದ ಮೇಲೆ ಕೂತ.

“ಕೆಂಪರಾಜಣ್ಣ, ಹೂವು ತುರುಕಿದ್ದು ನಾನು. ನೀವು ಹೇಳಿದ್ರಿ. ನಾನು ಬೈದೆ. ಇವತ್ತೂ ಬೈದೆ.”

ಕೆಂಪರಾಜುವಿನ ಕಣ್ಣಲ್ಲಿ ನೀರು ಬಂತು. ಅದು ಕರಗಿದವನ ನೀರಲ್ಲ, ಕುದಿಯುವವನ ನೀರು. “ಇಲ್ಲಿ ಹೇಳ್ತಿದ್ದೀರಲ್ಲ ಸ್ವಾಮಿ, ಇಲ್ಲಿ ಯಾರಿದಾರೆ? ನಾಯಿ ಇದೆ. ಬೈದದ್ದು ಪಂಕ್ತೀಲಿ.”

ಬಸ್ಸು ಬಂತು, ನಿಂತಿತು. ಕಂಡಕ್ಟರು ಟ್ರಂಕನ್ನು ನೋಡಿದ. ಕೆಂಪರಾಜು ಷಡಕ್ಷರಿಯನ್ನು ನೋಡಿದ.

“ಪಂಕ್ತೀಲೇ ಹೇಳ್ತೀನಿ,” ಎಂದ ಷಡಕ್ಷರಿ.

ಬಸ್ಸು ಹೋಯಿತು.

ಮಧ್ಯಾಹ್ನದ ಪಂಕ್ತಿ ತುಂಬಿತ್ತು. ಗುರುಮಲ್ಲಪ್ಪನವರೂ ಅವತ್ತು ಬಂದು, ಗುರುಗಳ ಪಕ್ಕದ ಮಣೆಯ ಮೇಲೆ ಕೂತಿದ್ದರು. ಕೆಂಪರಾಜು ಬಾಗಿಲ ಹೊರಗೆ ಟ್ರಂಕು ಹಿಡಿದು ನಿಂತಿದ್ದ. ಅದನ್ನು ಅವನು ಇನ್ನೂ ಕೆಳಗಿಟ್ಟಿರಲಿಲ್ಲ.

ಷಡಕ್ಷರಿ ಪಂಕ್ತಿಯ ನಡುವೆ ನಿಂತ. ಅಂಗೈ ತೆರೆದು ಕೊಳೆತ ಹೂವಿನ ಮುದ್ದೆ ತೋರಿಸಿದ. ಬೆಳಿಗ್ಗೆ ತಾನು ಆಡಿದ್ದು ಸುಳ್ಳು, ಛಾವಣಿ ಮುಚ್ಚಿತ್ತು, ನೀರಿನ ದಾರಿ ಕಟ್ಟಿದವನು ತಾನು, ಅದನ್ನು ಮೊದಲೇ ಹೇಳಿದವನನ್ನು ಎಲೆಯ ಮುಂದಿನಿಂದ ಎಬ್ಬಿಸಿದವನೂ ತಾನು ಎಂದು ಹೇಳಿದ. ಬೆಳಿಗ್ಗೆ ಸುಮ್ಮನಿದ್ದವರೆಲ್ಲ ಈಗ ತಮ್ಮ ತಮ್ಮ ಎಲೆಗಳನ್ನು ನೋಡಿಕೊಂಡರು.

ಗುರುಮಲ್ಲಪ್ಪನವರು ನಕ್ಕು ಕೈಯಾಡಿಸಿದರು. “ಹೋಗ್ಲಿ ಬಿಡಿ ಸ್ವಾಮಿ. ಭಕ್ತಿಯಿಂದ ಇಟ್ಟ ಹೂವು ಅದು. ಒಬ್ಬ ಡ್ರೈವರಿಗಾಗಿ ಇಷ್ಟು ದೊಡ್ಡದು ಮಾಡಬೇಕೆ?”

ಗುರುಗಳು ತಮ್ಮ ಮಣೆಯಿಂದ ಎದ್ದರು. ಬಾಗಿಲಿಗೆ ಹೋಗಿ ಕೆಂಪರಾಜುವಿನ ಕೈಯಿಂದ ಟ್ರಂಕನ್ನು ಇಸಿದುಕೊಂಡರು. ಅವನನ್ನು ಕರೆತಂದು ತಮ್ಮ ಎಲೆಯ ಮುಂದೆ ಕೂರಿಸಿದರು. ಆಮೇಲೆ ಟ್ರಂಕು ಹಿಡಿದೇ ತಿರುಗಿದರು. ಅವರ ದನಿ ಅಷ್ಟು ಏರಿದ್ದನ್ನು ಆ ಆಶ್ರಮ ಕೇಳಿರಲಿಲ್ಲ.

“ಹೂವು ನನ್ನ ಮೇಲೆ ಬಿತ್ತು, ಗುರುಮಲ್ಲಪ್ಪ. ನೀರು ಇವನ ಮೇಲೆ ಬಿತ್ತು.”