ಹದಿನಾಲ್ಕು ಹಬ್ಬದ ನೆಲ

“ಗುರುಗಳೇ, ಪ್ರತಿ ವರ್ಷ ಹೊಸದೊಂದು ವ್ರತ ಹಿಡಿಯುತ್ತೇನೆ. ಆದರೂ ಮನಸ್ಸಿನ ಏರುಪೇರು ಹೋಗಿಲ್ಲ. ಈ ಸಲ ಇನ್ನೂ ಕಠಿಣವಾದದ್ದೊಂದು ಕೊಡಿ,” ಎಂದು ಅಡವೀಶನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಅಬ್ಬಬ್ಬಾ, ಏನು ಹಸಿವಯ್ಯಾ ನಿನ್ನದು! ಕೂತುಕೋ. ವ್ರತ ಆಮೇಲೆ, ಮೊದಲು ಕತೆ ಕೇಳು,” ಎಂದು ಶುರುಮಾಡಿದರು.

ಒಬ್ಬ ವ್ಯಾನ್ ಚಾಲಕನಿದ್ದ. ಮನೆಯ ಕೆಳಗೇ ಗಾಡಿ ನಿಲ್ಲಿಸುವ ಶೆಡ್ಡು. ಅದರ ಕಾಂಕ್ರೀಟ್ ನೆಲ ನಡುವೆ ಕುಸಿದಿತ್ತು. ಗಾಡಿ ತೊಳೆದ ನೀರು ಅಲ್ಲೇ ನಿಲ್ಲುತ್ತಿತ್ತು. ಆಯುಧಪೂಜೆ ಬಂತೆಂದರೆ ಅವನಿಗೆ ನಾಚಿಕೆ, ನೆಂಟರಿಷ್ಟರು ಬರುತ್ತಾರಲ್ಲ! ಹಬ್ಬಕ್ಕೆ ಮುಂಚೆ ನೆಲದ ತುಂಬ ಒಂದು ಪದರ ಸಿಮೆಂಟ್ ಎಳೆಸುತ್ತಿದ್ದ. ಹಬ್ಬದ ದಿನ ನೆಲ ಥಳಥಳ. ಮುಂದಿನ ಹಬ್ಬದ ಹೊತ್ತಿಗೆ ಮತ್ತೆ ಹೊಂಡ, ಮತ್ತೊಂದು ಪದರ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಭಾರಿ ಜಾಣ! ಕೆಳಗೆ ಏನಾಗಿದೆ ಎಂದು ಒಮ್ಮೆಯೂ ನೋಡಲಿಲ್ಲ.

ಅವನ ಮಗಳಿಗೆ ಕಾಲಿನಲ್ಲಿ ಬಲವಿರಲಿಲ್ಲ. ಗಾಲಿಕುರ್ಚಿಯಲ್ಲೇ ಕಾಲೇಜಿಗೆ ಹೋಗಬೇಕು. ಹಿಂಬದಿಯ ಇಳಿಜಾರು ಹಲಗೆಯ ಮೇಲೆ ಕುರ್ಚಿ ಸಮೇತ ಹತ್ತಬಹುದಾದ ಎತ್ತರದ ವ್ಯಾನ್ ತಂದ. ಶೆಡ್ಡಿನೊಳಗೆ ಬಿಡಲು ಹೋದರೆ ವ್ಯಾನಿನ ತಲೆ ಬಾಗಿಲ ಮೇಲಿನ ತೊಲೆಗೆ ಬಡಿಯಿತು. ನೆಲವೇ ಒಂದು ಗೇಣು ಮೇಲೆ ಬಂದಿತ್ತು. ಹೊರಗಿನ ಇಳಿಜಾರು ರಸ್ತೆಯಲ್ಲಿ ಹತ್ತಿಸುವಾಗ ಕುರ್ಚಿ ಜಾರಿ ಮಗಳು ಬಿದ್ದಳು. “ಅಪ್ಪಾ, ನನಗೆ ಕಾಲೇಜು ಬೇಡ,” ಎಂದಳು.

ಚಾಲಕ ಗಾರೆ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ, “ತೊಲೆ ಮುಟ್ಟುವ ಹಾಗಿಲ್ಲ, ಮೇಲೆ ಮನೆಯಿದೆ. ಬಾಗಿಲ ಹತ್ತಿರ ಒಂದಿಷ್ಟು ಕೆತ್ತಿ, ಮೇಲೊಂದು ಪದರ ಎಳೆದುಬಿಡೋಣ,” ಎಂದ.

“ಇನ್ನು ಪದರದ ಮಾತೆತ್ತಬೇಡಿ. ಸುತ್ತಿಗೆ ಕೊಡಿ,” ಎಂದ ಚಾಲಕ.

ತಾನೇ ಒಡೆಯಲು ಕೂತ. ಅಂಗೈಯಲ್ಲಿ ಬೊಬ್ಬೆ ಎದ್ದವು, ಬಿಡಲಿಲ್ಲ. ಒಂಬತ್ತು ದಿನದಲ್ಲಿ ಹದಿನಾಲ್ಕು ಹಬ್ಬಗಳನ್ನೂ ಕಿತ್ತು ಹಾಕಿದ. ಎಲ್ಲಕ್ಕೂ ಕೆಳಗಿದ್ದ ಹಳೆಯ ನೆಲವನ್ನು ಎಬ್ಬಿಸಿದರೆ ಅಡಿಯಲ್ಲಿ ಟೊಳ್ಳು. ಗಾಡಿ ತೊಳೆದ ನೀರು ಬಿರುಕಿನಲ್ಲಿ ಇಳಿದಿಳಿದು ಮಣ್ಣನ್ನೇ ಕೊಚ್ಚಿಕೊಂಡು ಹೋಗಿತ್ತು. ನೀರು ಹರಿಯಲು ಹೊರಗಡೆ ದಾರಿ ಮಾಡಿದ. ಟೊಳ್ಳಿಗೆ ಜಲ್ಲಿ ತುಂಬಿ, ಗಟ್ಟಿಯಾಗುವ ತನಕ ದಿಮ್ಮಸು ಹೊಡೆದ.

ಮಟ್ಟ ನೋಡಲು ನೀರು ತುಂಬಿದ ಪೈಪಿನ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟ.

“ನಿನ್ನ ಕಡೆ ಅರ್ಧ ಬೆರಳು ಮೇಲಿದೆಯಪ್ಪಾ.”

“ಅಷ್ಟು ಇರಲಿ ಬಿಡಮ್ಮಾ. ಸೊಂಟ ಬಿದ್ದುಹೋಯಿತು.”

“ಇರಲಿ ಅಂದರೆ ನನ್ನ ಕುರ್ಚಿ ಉರುಳುತ್ತದೆ. ತೆಗಿ.”

ತೆಗೆದ. ಹೊಸ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾಗಲೆಂದು ಹದಿನೈದು ದಿನ ಮೇಲೆ ನೀರು ಕಟ್ಟಿದ. ಆಮೇಲೆ ವ್ಯಾನ್ ತೊಲೆಯಡಿ ಸಲೀಸಾಗಿ ಒಳಗೆ ಬಂತು. ಮಗಳು ಯಾರ ಕೈಯೂ ಹಿಡಿಯದೆ ಕುರ್ಚಿ ತಳ್ಳಿಕೊಂಡು ಹತ್ತಿದಳು. ಚಾಲಕ ಅತ್ತುಬಿಟ್ಟ.

ಕತೆ ಮುಗಿಯಿತು. ಅಡವೀಶ ತಲೆದೂಗಿ, “ಅರ್ಥವಾಯಿತು ಗುರುಗಳೇ. ಹಾಗಾದರೆ ಒಡೆಯುವ ವ್ರತವನ್ನೇ ಕೊಟ್ಟುಬಿಡಿ,” ಎಂದ.

“ಅದಿರಲಿ, ವ್ರತದ ಮೇಲೆ ವ್ರತ ಎಳೆದು ನಿನ್ನ ನೆಲ ಇಷ್ಟೆತ್ತರ ಬೆಳೆದ ಮೇಲೆ ಒಳಗೆ ಬರಲಾಗದೆ ಹೊರಗೇ ನಿಂತಿರುವವರು ಯಾರು, ಹೇಳು?” ಎಂದರು ಗುರುಗಳು.